ಅತ್ತೆಯ ಊಟದ ಹೊತ್ತು

ಕುಂದಗೋಳದ ಹೊಲಿಗೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಮಹಾನಂದಾಳ ಫೋನು ಮಧ್ಯಾಹ್ನ ಒಂದೇ ಸಮನೆ ಬಡಿದುಕೊಂಡಿತು. ಯರಗುಪ್ಪಿಯ ಮನೆಯಲ್ಲಿದ್ದ ಅತ್ತೆ ರೇವವ್ವನ ತೋಳಿಗೆ ಅಂಟಿಸಿದ್ದ ಸೆನ್ಸರ್, ರಕ್ತದಲ್ಲಿ ಸಕ್ಕರೆ ಇಳಿಯುತ್ತಿದೆ ಎಂದು ತೋರಿಸುತ್ತಿತ್ತು. ಕರೆ ಮಾಡಿದಳು. ಅತ್ತೆ ಎತ್ತಲಿಲ್ಲ. ನೋಡುತ್ತಿದ್ದಂತೆ ಫೋನಿನ ಮೇಲಿನ ಸಕ್ಕರೆಯ ಗೆರೆ ಇನ್ನೂ ಕೆಳಗಿಳಿಯಿತು. ಪಕ್ಕದ ಮನೆಯ ಖಾದರಬಿಗೆ ಫೋನು ಹಚ್ಚಿದಳು.

"ಚಾಚಿ, ಲಗೂನ ನಮ್ಮ ಮನಿಗೆ ಹೋಗ್ರಿ. ಅತ್ತಿ ಫೋನ್ ಎತ್ತವಲ್ರು."

ಖಾದರಬಿ ಫೋನು ಹಿಡಿದುಕೊಂಡೇ ಓಡಿದರು. ಬಾಗಿಲು ಸರಿದ ಸದ್ದು ಕೇಳಿತು. ಆಮೇಲೆ ಏನೂ ಕೇಳಲಿಲ್ಲ. ಕೊನೆಗೆ ಖಾದರಬಿಯ ದನಿ ಬಂತು.

"ಒಲಿ ಬಾಜು ಬಿದ್ದಾರವ್ವ. ಮೈಯೆಲ್ಲಾ ಬೆವರು. ಕಣ್ಣು ಬಿಟ್ಟಾರ, ಮಾತಾಡ್ತಾರ."

"ಸಕ್ಕರಿ ನೀರು ಕುಡಸ್ರಿ."

ಮಹಾನಂದಾ ಬಸ್ಸಿಳಿದು ಮನೆ ಸೇರಿದಾಗ ರೇವವ್ವ ಗೋಡೆಗೊರಗಿ ಕೂತಿದ್ದರು. ಇನ್ಸುಲಿನ್ ಚುಚ್ಚಿಕೊಂಡಿದ್ದರೂ ಊಟ ಮಾಡಿರಲಿಲ್ಲ.

"ಯಾಕ ಉಣಲಿಲ್ರಿ?"

"ನಿಮ್ಮ ಮಾವ ಹೊಲದಿಂದ ಬಂದಿರಲಿಲ್ಲ. ಅವರಕಿಂತ ಮೊದಲ ಹೆಂಗ ಉಣ್ಣಲಿ?"

ಮಹಾನಂದಾ ಫೋನಿನಲ್ಲಿ ಹಿಂದಿನ ದಿನಗಳನ್ನೂ ತೆಗೆದು ನೋಡಿದಳು. ಮಧ್ಯಾಹ್ನವಾದರೆ ಸಾಕು, ಫೋನು ಬಡಿದುಕೊಳ್ಳುವಷ್ಟಲ್ಲದಿದ್ದರೂ ಗೆರೆ ಕುಸಿದಿತ್ತು. ಹೊಲದಿಂದ ಬಂದ ಮಾವ ಹೊಳೆಪ್ಪನವರಿಗೆ ಅದನ್ನು ತೋರಿಸಿದಳು. ಅವರು ಕುಸಿದ ಗೆರೆಗಳನ್ನು ಒಂದೊಂದಾಗಿ ನೋಡಿದರು. ಸಂಜೆ ತಾವೇ ತಾಟು ತಂದು ಹೆಂಡತಿಯ ಮುಂದಿಟ್ಟರು.

"ಇನ್ಮ್ಯಾಲೆ ನನ್ನ ಹಾದಿ ಕಾಯಬ್ಯಾಡ. ಮೊದಲ ನೀ ಉಣ್ಣು," ಎಂದವರು, ಹೆಂಡತಿ ಕೊನೆಯ ತುತ್ತು ನುಂಗುವವರೆಗೂ ಎದುರಿನಿಂದ ಏಳಲಿಲ್ಲ.