ಮೀನು ಬಾರದ ತಿಂಗಳಲ್ಲಿ ನೋಡಿದ ಶೆಡ್ಡು

ರಸ್ತೆ ಅಗಲವಾಗಬೇಕಿತ್ತು, ಅದಕ್ಕಾಗಿ ಅಂಗಡಿ ಅಗಲಬೇಕಾಯಿತು. ಸಂತೆಕಟ್ಟೆಯ ಹೆದ್ದಾರಿ ಬದಿಯಲ್ಲಿದ್ದ ರೂಪಶ್ರೀ ಬ್ಯೂಟಿ ಪಾರ್ಲರಿನ ಎದುರು ಒಂದು ಬೆಳಿಗ್ಗೆ ಜೆಸಿಬಿ ಬಂದು ನಿಂತಿತು. ಊರಿನ ಅರ್ಧದಷ್ಟು ಹೆಂಗಸರ ಮುಖ ತಿದ್ದಿದ ಕಮಲಳಿಗೆ ತನ್ನ ಅಂಗಡಿಯ ಮುಖ ಉಳಿಸಿಕೊಳ್ಳಲಾಗಲಿಲ್ಲ.

ಹೊಸ ಜಾಗ ಹುಡುಕಿದಳು. ಉಡುಪಿಯಲ್ಲಿ ಬಾಡಿಗೆ ಕೇಳಿದರೆ ದಾರ ಹಿಡಿಯುವ ಮೊದಲೇ ಹುಬ್ಬು ಮೇಲೇರಿತು. ಮಣಿಪಾಲದಲ್ಲಿ ಕೇಳಿದರೆ ಕೂದಲು ತಾನಾಗಿ ಉದುರುವಂತಾಯಿತು. ಕೊನೆಗೆ ಸಿಕ್ಕಿದ್ದು ಮಣಿಪಾಲದ ಆಚೆ, ಕೈಗಾರಿಕಾ ಪ್ರದೇಶದಲ್ಲಿ, ಬ್ರಯಾನನ ಅರ್ಧ ಶೆಡ್ಡು. ಉಳಿದ ಅರ್ಧದಲ್ಲಿ ಅವನು ಅಲ್ಯೂಮಿನಿಯಂ ಕಿಟಕಿ ಮಾಡುತ್ತಿದ್ದ.

"ನೀರು ಉಂಟು, ಕರೆಂಟು ಉಂಟು, ಕಾರು ನಿಲ್ಲಿಸ್ಲಿಕ್ಕೆ ಮೈದಾನದಷ್ಟು ಜಾಗ ಉಂಟು. ಇನ್ನೆಂತ ಬೇಕು ಕಮಲಕ್ಕ?" ಎಂದ ಬ್ರಯಾನ್.

"ಆ ಗೋಡೆಯ ಆಚೆ ಎಂತದು?"

"ಅದು ಮೀನಿನ ಹುಡಿಯ ಫ್ಯಾಕ್ಟರಿ. ಕೋಳಿ ಫೀಡಿಗೆ ಹೋಗುವುದು. ಈಗ ಬಂದ್ ಉಂಟು. ಶುರುವಾದ ಮೇಲೆ ಸ್ವಲ್ಪ..."

"ಎಂತ ಸ್ವಲ್ಪ? ಮಲ್ಪೆಯಲ್ಲಿ ಹುಟ್ಟಿದವಳಿಗೆ ಮೀನು ತೋರಿಸಿ ಹೆದರಿಸ್ತೀಯಾ ಮಾರಾಯ?"

"ನನಗೆಂತ. ಮತ್ತೆ ಬ್ರಯಾನ್ ಹೇಳ್ಲಿಲ್ಲ ಅಂತ ಹೇಳ್ಬೇಡಿ."

ಅದು ಜೂನ್ ತಿಂಗಳು. ಮಳೆಗಾಲದ ನಿಷೇಧದಿಂದಾಗಿ ಮಲ್ಪೆಯ ಬೋಟುಗಳೆಲ್ಲ ಬಂದರಿನಲ್ಲಿ ಕಟ್ಟಿಕೊಂಡು ತೂಕಡಿಸುತ್ತಿದ್ದವು. ಮೀನಿಲ್ಲದೆ ಫ್ಯಾಕ್ಟರಿಯ ಕೊಳವೆಯೂ ತಣ್ಣಗಿತ್ತು. ಗಾಳಿಯಲ್ಲಿ ಒದ್ದೆ ಮಣ್ಣಿನ ಪರಿಮಳ ಮಾತ್ರ ಇತ್ತು.

ಹೊಸ ಅಂಗಡಿಯ ಪೂಜೆಗೆ ಎಲ್ಲರಿಗಿಂತ ಮೊದಲು ಬಂದವರು ಪ್ರಭಾವತಿ ಟೀಚರ್. ಗಂಡ ರಾಮದಾಸರು ಉಡುಪಿಯ ರಥಬೀದಿಯ ಹತ್ತಿರ ಸಂಸ್ಕೃತ ಪಾಠ ಹೇಳುವವರು. ಸಂತೆಕಟ್ಟೆಯಲ್ಲಿ ಕಮಲ ಅಂಗಡಿ ತೆರೆದ ದಿನ ಮೊದಲು ಕುರ್ಚಿಯಲ್ಲಿ ಕೂತದ್ದೂ ಇದೇ ಟೀಚರ್. ಅವರ ಮಗಳು ಸಂಹಿತಾ ಶಾಲೆ ಬಿಟ್ಟ ಮೇಲೆ ಪಾರ್ಲರಿನ ಬೆಂಚಿನಲ್ಲೇ ಹೋಂವರ್ಕ್ ಬರೆದು, ಅಲ್ಲೇ ನಿದ್ದೆಹೋಗಿ, ಅಮ್ಮ ಬಂದ ಮೇಲೆ ಮನೆಗೆ ಹೋಗುತ್ತಿದ್ದಳು. ಹಸಿವಾದರೆ ಕಮಲ ಅವಳಿಗೆ ಪೊಟ್ಟಣದ ಬಿಸ್ಕತ್ತನ್ನೇ ತರಿಸಿ ಕೊಡುತ್ತಿದ್ದಳು, ಮನೆಯ ಬುತ್ತಿಯನ್ನು ಎಂದೂ ಬಿಚ್ಚಲಿಲ್ಲ. ಹಾಗೆ ಮಾಡಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ಸಂಹಿತಾಳಿಗೆ ನಿಶ್ಚಯ ಆಯ್ತು. ಹುಡುಗ ಕಾರ್ಕಳದವ. ಡಿಸೆಂಬರಿಗೆ ಮದುವೆ," ಎಂದರು ಟೀಚರ್.

ಆರತಿ ತಟ್ಟೆ ಹಿಡಿದಿದ್ದ ಕಮಲ ಅಲ್ಲೇ ನಿಂತಳು. "ಮಲ್ಲಿಗೆ ಜಡೆ ನಾನೇ ಹಾಕುವುದು. ಈಗಲೇ ಹೇಳಿದೆ."

"ನೀನಲ್ಲದೆ ಇನ್ಯಾರು ಮಾರಾಯ್ತಿ?"

ಕಮಲ ಎಷ್ಟೋ ಮದುವಣಗಿತ್ತಿಯರಿಗೆ ಜಡೆ ಹೆಣೆದವಳು. ಆದರೆ ತನ್ನ ಬೆಂಚಿನ ಮೇಲೆ ಬೆಳೆದ ಕೂದಲು ಇದೊಂದೇ. ಆ ಶೆಡ್ಡಿಗೆ ಬೇರೆ ಯಾರು ಬಂದರೂ ಬಾರದಿದ್ದರೂ ಡಿಸೆಂಬರಿನಲ್ಲಿ ಈ ಒಂದು ಹುಡುಗಿ ಬರುತ್ತಾಳೆ ಎಂಬುದು ಅವಳ ಧೈರ್ಯವಾಗಿತ್ತು.

ಆಗಸ್ಟಿನಲ್ಲಿ ಬೋಟುಗಳು ಕಡಲಿಗಿಳಿದವು. ಲಾರಿಗಳು ಬಂದವು. ಗೋಡೆಯ ಆಚೆ ಕೊಳವೆ ಹೊಗೆ ಬಿಡತೊಡಗಿತು.

"ಅಮ್ಮ, ನಾತ ಬರ್ತದೆ," ಎಂದಳು ಮಗಳು ದೀಕ್ಷಿತಾ. ಅವಳೂ ಪಾರ್ಲರಿನಲ್ಲೇ ಕೆಲಸ ಮಾಡುತ್ತಿದ್ದಳು.

"ಎಂತ ನಾತ? ನನಗೆ ಎಂತದೂ ಬರುವುದಿಲ್ಲ."

"ನಿನ್ನ ಮೂಗಿಗೆ ರಜೆ ಉಂಟಾ?"

"ನಿನಗೆ ಮೊನ್ನೆ ನೆಟ್‌ವರ್ಕ್ ಬರ್ಲಿಲ್ಲ, ನಿನ್ನೆ ಸೊಳ್ಳೆ ಬಂತು, ಇವತ್ತು ನಾತ ಬಂತು. ಬಾರದ್ದು ಕಸ್ಟಮರ್ ಮಾತ್ರ. ಹೋಗಿ ಟವೆಲ್ ಒಣಗಿಸು."

ದೀಕ್ಷಿತಾ ಬೆಳೆದದ್ದು ಸಂತೆಕಟ್ಟೆಯ ಬಾಡಿಗೆ ಮನೆಯಲ್ಲಿ. ಕಮಲ ಬೆಳೆದದ್ದು ಮಲ್ಪೆಯ ಮರಳಿನಲ್ಲಿ, ಮೀನು ಒಣಗಿಸುವ ಚಾಪೆಗಳ ನಡುವೆ. ಮಗಳ ತಲೆ ತಿರುಗಿಸಿದ ಗಾಳಿ ತಾಯಿಗೆ ಬರೀ ಗಾಳಿ. ಬ್ರಯಾನ್ ಬೆಳಗಿನಿಂದ ಸಂಜೆಯ ತನಕ ಮಾಸ್ಕ್ ಹಾಕಿಕೊಂಡು ಕಿಟಕಿ ಕೊಯ್ಯುವುದನ್ನು ನೋಡಿ ಕಮಲ ಮರುಕಪಡುತ್ತಿದ್ದಳು. ಪಾಪ, ಕೊರೋನ ಹೋದರೂ ಇವನ ಭಯ ಹೋಗಲಿಲ್ಲ.

ಹಳೆಯ ಗಿರಾಕಿಗಳು ಒಮ್ಮೆ ಬಂದರು, ಹೊಗಳಿದರು, ಮತ್ತೆ ಬರಲಿಲ್ಲ. ಫೋನು ಮಾಡಿದರೆ ಒಬ್ಬೊಬ್ಬರಿಗೂ ಒಂದೊಂದು ತೊಂದರೆ. ಹರ್ಷಿಣಿಯ ಸ್ಕೂಟರ್ ಕೆಟ್ಟಿತ್ತು. ಬೆನೆಡಿಕ್ಟಾ ಬಾಯಿಯವರಿಗೆ ಮಂಡಿನೋವು. ಮೆಟ್ಟಿಲಿದ್ದ ಹಳೆ ಅಂಗಡಿಗೆ ಹತ್ತಿಕೊಂಡು ಬರುತ್ತಿದ್ದ ಮಂಡಿ ಮೆಟ್ಟಿಲೇ ಇಲ್ಲದ ಹೊಸ ಅಂಗಡಿಗೆ ಒಪ್ಪಲಿಲ್ಲ. ದೂರವೇ ಕಾರಣ ಎಂದುಕೊಂಡ ಕಮಲ ಸಂತೆಕಟ್ಟೆಯಿಂದ ಕರೆತರಲಿಕ್ಕೆ ಒಂದು ಆಟೋ ಗೊತ್ತುಮಾಡಿದಳು. ಆಟೋ ದಿನಾ ತಪ್ಪದೆ ಬಂತು. ಖಾಲಿ ಬಂತು.

ಯಾರೊಬ್ಬರೂ ವಾಸನೆಯ ಮಾತೆತ್ತಲಿಲ್ಲ. ಅದಕ್ಕೊಂದು ಕಾರಣವಿತ್ತು. ಆರನೆಯ ಕ್ಲಾಸಿನಲ್ಲಿ ತನ್ನ ಬೆಂಚಿನ ಹುಡುಗಿಯರು ಮೂಗು ಮುಚ್ಚಿಕೊಂಡು ಆಚೆ ಸರಿದು ಕೂತಿದ್ದನ್ನು ಕಮಲ ಎಂದೋ ನಗುತ್ತಾ ಟೀಚರಿಗೆ ಹೇಳಿದ್ದಳು. ಅದಕ್ಕೇ ಅವಳು ಪಾರ್ಲರಿನಲ್ಲೊಂದು ಸೀರೆ ಇಟ್ಟುಕೊಂಡು, ಬಂದವಳೇ ಅದನ್ನುಟ್ಟು, ಗಂಧದ ಹುಡಿ ಕಲಸಿಯೇ ಕೆಲಸಕ್ಕೆ ಕೈ ಹಾಕುತ್ತಿದ್ದಳು. ಅವಳು ನಗುತ್ತಾ ಹೇಳಿದ್ದನ್ನು ಟೀಚರ್ ನಗುತ್ತಾ ಕೇಳಲಿಲ್ಲ, ಉಳಿದ ಗಿರಾಕಿಗಳ ಕಿವಿಗೂ ಹಾಕಿದರು. ಅಂದಿನಿಂದ ಆ ಪಾರ್ಲರಿನಲ್ಲಿ ಮೀನು ಎಂಬ ಶಬ್ದವನ್ನೇ ಯಾರೂ ಆಡಲಿಲ್ಲ. ಆಡದೆ ಆಡದೆ ಅದು ಎಲ್ಲರ ನಡುವೆ ಒಂದು ಕುರ್ಚಿ ಹಾಕಿಕೊಂಡು ಕೂತಿತ್ತು.

ನವೆಂಬರಿನಲ್ಲಿ ಜಡೆ ಒಮ್ಮೆ ಹಾಕಿ ನೋಡಲಿಕ್ಕೆಂದು ಸಂಹಿತಾ ಬಂದಳು. ಜೊತೆಗೆ ಟೀಚರ್. ಕಮಲ ಹಿಂದಿನ ದಿನವೇ ಕಾಪುವಿನ ಹತ್ತಿರದ ಶಂಕರಪುರದಿಂದ ಮಲ್ಲಿಗೆ ತರಿಸಿ, ಬಾಳೆಲೆಯಲ್ಲಿ ಸುತ್ತಿ, ಶೆಡ್ಡಿನ ತಂಪಿನಲ್ಲಿಟ್ಟಿದ್ದಳು.

ಟೀಚರ್ ಕರವಸ್ತ್ರವನ್ನು ಮೂಗಿನಿಂದ ತೆಗೆಯಲೇ ಇಲ್ಲ.

"ನೆಗಡಿಯಾ ಟೀಚರ್?"

"ಹೌದು ಕಮಲ. ಜೋರು ನೆಗಡಿ."

"ಶುಂಠಿ ಕಷಾಯ ಕುಡಿಯಿರಿ. ಮದುವೆಗೆ ಗಂಟಲು ಹಿಡಿದರೆ ಬಂದವರನ್ನು ಮಾತಾಡಿಸುವುದು ಹೇಗೆ?"

ಕಮಲ ಒಂದೊಂದೇ ಮೊಗ್ಗು ಒತ್ತಿ ಹೆಣೆದಳು. ಸಂಹಿತಾ ಉಸಿರು ಹಿಡಿದು ಕೂತಿದ್ದಳು. ಕನ್ನಡಿಯಲ್ಲಿ ಅವಳ ಕಣ್ಣು ತುಂಬಿ ಬಂತು.

"ಅಳ್ಬಾರದು ಮಗಳೇ. ಕಾರ್ಕಳ ಎಂತ ಅಮೆರಿಕವಾ? ದಿನಾ ಬಸ್ಸುಂಟು," ಎಂದ ಕಮಲಳ ಕಣ್ಣೂ ತುಂಬಿತು. ಹುಡುಗಿ ಎದ್ದು ಅವಳನ್ನು ತಬ್ಬಿಕೊಂಡಳು, ತಬ್ಬಿಕೊಂಡೇ ಬಾಗಿಲ ಕಡೆ ನೋಡಿದಳು.

ಮರುದಿನ ಟೀಚರ ಫೋನು ಬಂತು. ಗಂಡಿನ ಕಡೆಯವರು ಮಂಗಳೂರಿನವರೊಬ್ಬರಿಗೆ ಹೇಳಿಬಿಟ್ಟಿದ್ದಾರಂತೆ. ಮುಂಗಡವನ್ನೂ ಕೊಟ್ಟಿದ್ದಾರಂತೆ. "ನೀನು ಬೇಜಾರು ಮಾಡ್ಬಾರದು ಕಮಲ. ಮದುವೆಗೆ ಬರ್ಲೇಬೇಕು."

"ಅಯ್ಯೋ ಟೀಚರ್, ಅದರಲ್ಲೆಂತ ಉಂಟು," ಎಂದು ಕಮಲ ಫೋನಿಟ್ಟಳು. ಆಮೇಲೆ ಗಂಡಿನ ಕಡೆಯವರನ್ನು ಬಯ್ಯಲು ಶುರುಮಾಡಿದಳು. ಕಾರ್ಕಳದವರು, ಅಲ್ಲಿಯ ಬಂಡೆಯಂಥವರು, ಬೇರೆಯವರ ಮನಸ್ಸು ಅವರಿಗೆಲ್ಲಿ ತಿಳಿಯಬೇಕು. ಬಾಚಣಿಗೆ ತೊಳೆಯುತ್ತಾ ಬಯ್ದಳು, ಕತ್ತರಿ ಒರೆಸುತ್ತಾ ಬಯ್ದಳು.

"ಅವರನ್ನು ಯಾಕೆ ಬಯ್ಯುವುದು?" ಎಂದಳು ದೀಕ್ಷಿತಾ. "ಅವರು ಯಾರಿಗೂ ಹೇಳ್ಲಿಲ್ಲ. ಮಂಗಳೂರಿನವಳಿಗೆ ಟೀಚರೇ ಹೇಳಿದ್ದು."

ಕಮಲ ತಿರುಗಿದಳು.

"ಸಂಹಿತಾ ನಿನ್ನೆ ನನಗೆ ಮೆಸೇಜ್ ಮಾಡಿದ್ದಳು. ಯಾವ ಶಾಂಪೂ ಹಾಕಿದರೆ ಹೋಗ್ತದೆ ಅಂತ ಕೇಳಿದಳು. ಮತ್ತೆ ಮತ್ತೆ ತೊಳೆದಳಂತೆ, ಕೂದಲಿನಿಂದ ಹೋಗಲೇ ಇಲ್ಲವಂತೆ. ನಿನಗೆ ಹೇಳ್ಬಾರದು ಅಂತ ಆಣೆ ಹಾಕಿಸಿದ್ದಾಳೆ."

"ಎಂತ ಹೋಗ್ಲಿಲ್ಲ?"

ದೀಕ್ಷಿತಾ ಗೋಡೆಯ ಕಡೆ ನೋಡಿದಳು.

ಕಮಲ ಮಲ್ಲಿಗೆ ಇಟ್ಟಿದ್ದ ಬಾಳೆಲೆಯನ್ನು ಕಸದ ಡಬ್ಬದಿಂದ ತೆಗೆದು ಮೂಗಿಗೆ ಹಿಡಿದಳು. ಎಷ್ಟು ಉಸಿರೆಳೆದರೂ ಮಲ್ಲಿಗೆಯೇ ಬಂತು.

"ಟೀಚರಿಗೆ ನನ್ನ ಹತ್ರ ಒಂದು ಮಾತು ಹೇಳಬಹುದಿತ್ತಲ್ಲ."

"ಹೇಗೆ ಹೇಳುವುದು ಅಮ್ಮ? ನೀನೇ ಹೇಳು. ನಿನ್ನ ಎದುರು ನಿಂತು ಅವರು ಎಂತ ಅಂತ ಹೇಳ್ಬೇಕಿತ್ತು?"

ಕಮಲ ಟೀಚರ ಬಾಯಲ್ಲಿ ಆ ವಾಕ್ಯವನ್ನು ಇಟ್ಟು ನೋಡಿದಳು. 'ಕಮಲ, ನಿನ್ನ ಅಂಗಡಿ...' ಅಲ್ಲಿಂದ ಮುಂದೆ ಹೋಗಲಿಲ್ಲ. ಹೇಗೆ ತಿರುಗಿಸಿ ಹೇಳಿಸಿದರೂ ಆರನೆಯ ಕ್ಲಾಸಿನ ಬೆಂಚು ಬಂದು ನಿಲ್ಲುತ್ತಿತ್ತು. ಅವಳು ಕುರ್ಚಿಯಲ್ಲಿ ಕೂತಳು, ಗಿರಾಕಿಗಳು ಕೂರುವ ಕುರ್ಚಿಯಲ್ಲಿ. ಕನ್ನಡಿಯಲ್ಲಿ ಕಂಡ ಹೆಂಗಸಿನ ಮುಖಕ್ಕೆ ಏನು ಹಚ್ಚಬೇಕೆಂದು ಅವಳಿಗೆ ತಿಳಿಯಲಿಲ್ಲ.

ಮದುವೆಗೆ ಮೊದಲು ಕಮಲ ಕೆಲವು ದಿನ ಶೆಡ್ಡಿನ ಬಾಗಿಲನ್ನೇ ತೆರೆಯಲಿಲ್ಲ. ತಲೆಗೆ ಸೀಗೆ ಹಾಕಿ ತಿಕ್ಕಿದಳು. ಹೊಸ ಸೀರೆ ತಂದು ಮನೆಯಲ್ಲೇ ಇಟ್ಟು ಉಟ್ಟಳು. ಮಲ್ಲಿಗೆಯನ್ನು ಅಂದಿನ ಬೆಳಿಗ್ಗೆಯೇ ಉಡುಪಿ ಬಸ್‌ಸ್ಟ್ಯಾಂಡಿನ ಹತ್ತಿರ ಕೊಂಡಳು, ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಕಾರ್ಕಳದ ಬಸ್ಸು ಹತ್ತಿದಳು. ದೀಕ್ಷಿತಾ ಪಕ್ಕದಲ್ಲಿ ಕೂತಳು. ದಾರಿಯಲ್ಲಿ ಕಮಲ ಸೆರಗನ್ನು ಮತ್ತೆ ಮತ್ತೆ ಮೂಗಿನ ಹತ್ತಿರ ತಂದಳು. ಹೊಸ ಬಟ್ಟೆಯ ಗಂಜಿ ಬಿಟ್ಟರೆ ಬೇರೆ ಏನೂ ಇಲ್ಲ. ಆದರೆ ಅವಳಿಗೆ ಶೆಡ್ಡಿನಲ್ಲೂ ಏನೂ ಇರಲಿಲ್ಲವಲ್ಲ.

ಮಂಟಪದ ಹಿಂದಿನ ಕೋಣೆಯಲ್ಲಿ ಸಂಹಿತಾ ಜಡೆ ಹಾಕಿಸಿಕೊಂಡು ಕೂತಿದ್ದಳು. ಮಂಗಳೂರಿನವಳು ಚೆಂದವೇ ಹೆಣೆದಿದ್ದಳು. ಕಮಲ ಹುಡುಕಿದರೂ ತಪ್ಪು ಸಿಗಲಿಲ್ಲ. ಕಮಲಳನ್ನು ಕಂಡ ಕೂಡಲೇ ಹುಡುಗಿ ಕೈ ಚಾಚಿದಳು.

"ಕಮಲಕ್ಕ, ನೀವು ಹೂ ತಂದಿದ್ದೀರಲ್ವಾ? ಒಂದು ಎಳೆಯಾದರೂ ಮುಡಿಸಿ. ಇಲ್ಲದಿದ್ದರೆ ನಾನು ಏಳುವುದಿಲ್ಲ."

ಕೋಣೆಯ ತುಂಬಾ ನೆಂಟರು. ಟೀಚರ್ ಮಗಳ ಹಿಂದೆ ನಿಂತಿದ್ದರು. "ಮುಡಿಸು ಕಮಲ," ಎಂದರು. ಅವರ ಕಣ್ಣು ಒದ್ದೆಯಾಗಿತ್ತು, ದನಿಯಲ್ಲಿ ಸುಳ್ಳಿರಲಿಲ್ಲ. ಆದರೆ ಸೆರಗಿನ ತುದಿ ಮುಷ್ಟಿಯಲ್ಲಿತ್ತು. ಎಲ್ಲ ಹೆಂಗಸರ ಸೆರಗೂ ಹಾಗೇ ಇರಬಹುದು. ಇಲ್ಲದಿರಲೂಬಹುದು.

ಕಮಲ ಪೊಟ್ಟಣ ಬಿಚ್ಚಿದಳು. ಮೊಗ್ಗುಗಳು ಆಗಷ್ಟೇ ಕಣ್ಣು ಬಿಡುತ್ತಿದ್ದವು.

"ಬೇಡ ಮಗಳೇ," ಎಂದಳು. "ಬಸ್ಸಿನಲ್ಲಿ ಬಾಡಿ ಹೋಗಿದೆ."

ಹೂ ಬಾಡಿರಲಿಲ್ಲ. ಕೋಣೆಯಲ್ಲಿದ್ದವರೆಲ್ಲ ಅದನ್ನು ನೋಡಿದರು, ಯಾರೂ ಹೇಳಲಿಲ್ಲ. ಬೆನೆಡಿಕ್ಟಾ ಬಾಯಿಯವರ ಮಂಡಿನೋವಿನಷ್ಟೇ ಸುಲಭವಾಗಿ ಆ ಮಾತು ಒಪ್ಪಿಗೆಯಾಯಿತು. ಟೀಚರ್ ಕಮಲಳ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ. ಊಟಕ್ಕೆ ಎರಡನೇ ಪಂಕ್ತಿಯಲ್ಲಿ ಕೂರಿಸಿ ಹೋಳಿಗೆಯನ್ನು ತಾವೇ ಬಡಿಸಿದರು.

ವಾಪಸು ಬಸ್ಸಿಗೆ ಕಾಯುವಾಗ ಕಮಲ ಪೊಟ್ಟಣವನ್ನು ಮಗಳ ಕಡೆ ಹಿಡಿದಳು.

"ಮೂಸಿ ನೋಡು."

"ಎಂತಕ್ಕೆ ಈಗ?"

"ನೋಡು ಅಂದೆನಲ್ಲ."

ದೀಕ್ಷಿತಾ ಬಗ್ಗಿ ಮೂಸಿದಳು. ಬಾಯಿಗೆ ಬಂದದ್ದನ್ನು ಮುಖಕ್ಕೇ ಹೇಳುವ ಹುಡುಗಿ ಈ ಸಲ ಬಸ್ಸು ಬರುವ ದಾರಿಯನ್ನು ನೋಡುತ್ತಾ ಹೇಳಿದಳು.

"ಮಲ್ಲಿಗೆ ಅಮ್ಮ. ಬರೀ ಮಲ್ಲಿಗೆ."

"ನಿಜವಾ?"

"ನಿಜ."

ಕಮಲ ಮಗಳ ಮುಖವನ್ನು ತನ್ನ ಕಡೆ ತಿರುಗಿಸಲಿಕ್ಕೆ ಕೈ ಎತ್ತಿದಳು. ಎಷ್ಟೋ ಮುಖಗಳನ್ನು ಗದ್ದ ಹಿಡಿದು ಬೆಳಕಿಗೆ ತಿರುಗಿಸಿದ ಕೈ ಅದು. ಎತ್ತಿದ ಕೈಯಿಂದ ಮಗಳ ಸೆರಗು ಸರಿಮಾಡಿದಳು.