ನಿಲ್ಲದೆ ಮೂರನೇ ಮಹಡಿಗೆ

ಇಸ್ತ್ರಿಯವಳ ಹೊಟ್ಟೆಯಲ್ಲಿ ಕ್ಯಾನ್ಸರ್ ಗಡ್ಡೆ ಇದೆಯೆಂದು ಗೊತ್ತಾದ ದಿನವೇ ಅವಳ ಅಕ್ಕ ಅಂಗಡಿಗೆ ಬೀಗ ಜಡಿದು, ಕೀಲಿಕೈಯನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. ಆ ಅಕ್ಕನದು ಅಂಥಿಂಥ ಪ್ರೀತಿಯಲ್ಲ. ತಾಯಿಯಿಲ್ಲದ ತಂಗಿಯನ್ನು ಸಾಕಿ, ಮದುವೆ ಮಾಡಿಸಿ, ಗಂಡ ಸತ್ತ ಮೇಲೆ ಮತ್ತೆ ತನ್ನ ಮನೆಗೇ ಕರೆತಂದವಳು. ಈಗ ಬಿಟ್ಟಾಳೆಯೇ? ತಂಗಿ ಲೋಟ ಎತ್ತಿದರೆ ಕಿತ್ತುಕೊಂಡಳು. ಬಚ್ಚಲಿಗೆ ಹೊರಟರೆ ರಟ್ಟೆ ಹಿಡಿದಳು.

ಆಸ್ಪತ್ರೆಯಲ್ಲಿ ಮೊದಲೇ ಹೇಳಿದ್ದರು: ಆಪರೇಷನ್‌ಗೆ ಇನ್ನೂ ಸಮಯವಿದೆ, ಅಷ್ಟರಲ್ಲಿ ಮೈ ಗಟ್ಟಿ ಮಾಡಿಕೊಳ್ಳಿ, ದಿನಾ ನಡೆಯಿರಿ, ಮೆಟ್ಟಿಲು ಹತ್ತಿ, ಮೊಟ್ಟೆ ತಿನ್ನಿ. ಅಕ್ಕ ಎಲ್ಲದಕ್ಕೂ ಹೂಂಗುಟ್ಟಿದಳು. ಹೊರಗೆ ಬಂದವಳೇ, "ಅವರಿಗೇನು, ಬಾಯಿಗೆ ಬಂದದ್ದು ಹೇಳ್ತಾರೆ. ಕಾಯಿಲೆಯವರು ಯಾರಾದ್ರೂ ಮೆಟ್ಟಿಲು ಹತ್ತಾರಾ? ನೀನು ಸುಮ್ನೆ ಮಲ್ಕೋ" ಎಂದಳು. ಮೊಟ್ಟೆಯನ್ನು ಮಾತ್ರ ಒಪ್ಪಿಕೊಂಡಳು.

ತಂಗಿ ಮಲಗಿದಳು. ಅವಳಿಗೆ ಮಲಗುವುದೂ ಒಂದೇ, ಏಳುವುದೂ ಒಂದೇ ಆಗಿತ್ತು. ಡಾಕ್ಟರು ರೋಗದ ಹೆಸರು ಹೇಳಿದಾಗ ಅಳು ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಅಕ್ಕ ಪಕ್ಕದಲ್ಲಿ ಕೂತು ಗೊಳೋ ಎಂದು ಅಳುವಾಗಲೂ, ಅಕ್ಕನ ರವಿಕೆಯ ತೋಳು ಎಷ್ಟು ಸುಕ್ಕಾಗಿದೆಯಲ್ಲ ಎಂದಷ್ಟೇ ಅನ್ನಿಸಿತು.

ಎರಡನೇ ಸಲ ಆಸ್ಪತ್ರೆಗೆ ಹೋದಾಗ, ವ್ಯಾಯಾಮ ಹೇಳಿಕೊಡುವ ಮೇಡಂ ಅವಳನ್ನು ಕುರ್ಚಿಯಿಂದ ಎಬ್ಬಿಸಿ ಕೂರಿಸಿ ನೋಡಿದಳು. ಕಾಲು ಗಡಗಡ ನಡುಗಿತು.

"ಹೋದ ಸಲ ಹೀಗಿರ್ಲಿಲ್ವಲ್ಲ! ಮನೇಲಿ ಏನು ಮಾಡ್ತಿದ್ರಿ?"

"ಒಂದು ಹುಲ್ಲುಕಡ್ಡಿ ಎತ್ತೋಕೂ ಬಿಟ್ಟಿಲ್ಲ, ಮೇಡಂ" ಎಂದಳು ಅಕ್ಕ, ಬಹುಮಾನ ಸಿಗುವುದೆಂಬ ಮುಖ ಮಾಡಿಕೊಂಡು.

ಮೇಡಂ ಹಣೆ ಚಚ್ಚಿಕೊಂಡಳು. "ಅಯ್ಯೋ ದೇವ್ರೇ! ದಿನವಿಡೀ ನಿಂತು ಇಸ್ತ್ರಿ ಮಾಡ್ತಿದ್ದ ಕಾಲು ಕಣ್ರೀ ಇವು. ಬಟ್ಟೆ ಬದಲು ಇವರನ್ನೇ ಮಡಚಿ ಬೀರುವಿನಲ್ಲಿ ಇಟ್ಟುಬಿಟ್ರಲ್ಲ!" ಆಮೇಲೆ ನಗದೆ ಹೇಳಿದಳು: "ಹೀಗೇ ಆಪರೇಷನ್ ಮಾಡಿದ್ರೆ ಚೇತರಿಸ್ಕೊಳ್ಳೋದು ಕಷ್ಟ. ತಿಂಗಳ ಕೊನೆಗೆ ಇಲ್ಲಿ ಮೂರನೇ ಮಹಡಿಗೆ ಎಲ್ಲೂ ನಿಲ್ಲದೆ, ಯಾರನ್ನೂ ಹಿಡೀದೆ ಹತ್ತಬೇಕು. ಆಗ್ಲಿಲ್ವಾ, ಆಪರೇಷನ್ ಮುಂದಕ್ಕೆ. ಗಡ್ಡೆ ಮಾತ್ರ ನಿಮಗೋಸ್ಕರ ಕಾಯಲ್ಲ."

ಮನೆಗೆ ಬಂದವಳೇ ಅಕ್ಕ ಚೀಲದಿಂದ ಕೀಲಿಕೈ ತೆಗೆದು ತಂಗಿಯ ಮುಂದಿಟ್ಟಳು.

ಅಂಗಡಿ ತೆರೆಯಿತು. ಮೊದಲು ಸ್ವಲ್ಪ ಹೊತ್ತು, ಆಮೇಲೆ ಅರ್ಧ ದಿನ, ತಂಗಿ ಮೇಜಿನ ಮುಂದೆ ನಿಂತಳು. ಮಡಚಿದ ಬಟ್ಟೆಗಳನ್ನು ಹೊತ್ತು ಮನೆಮನೆಯ ಮೆಟ್ಟಿಲು ಹತ್ತಿದಳು. ಹಿಂದೆ ಅಕ್ಕ, ಕೈಯಲ್ಲಿ ಬೇಯಿಸಿದ ಮೊಟ್ಟೆಯ ಡಬ್ಬಿ, "ಮೆಲ್ಲಗೆ ಕಣೇ, ಬಿದ್ದೀಯ!" ಎಂದು ಏದುಸಿರು ಬಿಡುತ್ತಾ. ತಂಗಿಗೆ ಕಾಲು ನೋಯುತ್ತಿತ್ತು. ಬೇರೇನೂ ನೋಯುತ್ತಿರಲಿಲ್ಲ.

ಆ ದಿನ ಬಂತು. ಮೇಡಂ ಮೂರನೇ ಮಹಡಿಯಲ್ಲಿ ನಿಂತು ಕಾಯುತ್ತಿದ್ದಳು. ಬೇಡವೆಂದರೂ ಅಕ್ಕ ಬೆನ್ನಿಗೇ ಹೊರಟಳು. ಒಂದನೇ ಮಹಡಿ ದಾಟಿತು. ಎರಡನೆಯದರ ತಿರುವಿನಲ್ಲಿ ಹಿಂದೆ ಧೊಪ್ಪೆಂದು ಸದ್ದಾಯಿತು. ಅಕ್ಕ ಎದೆಯ ಮೇಲೆ ಕೈಯಿಟ್ಟುಕೊಂಡು ಮೆಟ್ಟಿಲ ಮೇಲೆ ಕುಸಿದು ಕೂತಿದ್ದಳು.

"ಅಕ್ಕಾ!" ತಂಗಿಯ ಕಾಲು ತಡವರಿಸಿತು.

"ನಿಂತ್ಯೋ, ಕಾಲು ಮುರಿದುಬಿಡ್ತೀನಿ!" ಅಕ್ಕ ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ ಕಿರುಚಿದಳು. "ನಂಗೇನಾಗಿಲ್ಲ, ಸುಸ್ತು ಅಷ್ಟೇ. ಹತ್ತೇ!"

ಅವಳು ಹತ್ತಿದಳು. ಹುಟ್ಟಿದಾಗಿನಿಂದ ಅಕ್ಕನನ್ನು ಹಿಂದೆ ಬಿಟ್ಟು ಎಲ್ಲಿಗೂ ಹೋದವಳಲ್ಲ, ಹತ್ತಿದಳು.

"ಪಾಸು!" ಮೇಡಂ ಚಪ್ಪಾಳೆ ತಟ್ಟಿದಳು. "ಬರೋ ಸೋಮವಾರವೇ ಆಪರೇಷನ್. ಡಾಕ್ಟರಿಗೆ ಹೇಳಿಬಿಡ್ತೀನಿ."

ತಂಗಿ ಕಂಬಿ ಹಿಡಿದು ಕೆಳಗೆ ಬಗ್ಗಿದಳು. ಅಕ್ಕ ಅಲ್ಲೇ ಕೂತಿದ್ದಳು, ಇಷ್ಟೇ ಇಷ್ಟು ಕಾಣುತ್ತಿದ್ದಳು. ಸೋಮವಾರ ಆಪರೇಷನ್ ಕೋಣೆಯ ಬಾಗಿಲೊಳಗೆ ಅಕ್ಕನನ್ನು ಬಿಡುವುದಿಲ್ಲ. ಇಷ್ಟು ದಿನ ಎಲ್ಲಿತ್ತೋ, ಹೆದರಿಕೆ ಒಮ್ಮೆಲೇ ನುಗ್ಗಿ ಬಂತು. ಕಣ್ಣೂ ತುಂಬಿತು.

"ಅಕ್ಕಾ, ನಂಗೆ ಹೆದರಿಕೆ ಆಗ್ತಿದೆ ಕಣಕ್ಕ."

"ಇರು, ಬಂದೆ" ಎಂದಳು ಅಕ್ಕ, ಕಂಬಿ ಹಿಡಿದು ಏಳುತ್ತಾ.