ಮುಚ್ಚಿಟ್ಟ ತಟ್ಟೆ

ಸಿಡಿಲನ್ನು ಕಿವಿ ಹಿಡಿದು ಎಳೆತಂದು, ಪೆಟ್ಟಿಗೆಯಲ್ಲಿ ಕೂರಿಸಿ, ದಿನಾ ಬೆಳಿಗ್ಗೆ ಅದರಲ್ಲೇ ಮುಖ ತೊಳೆಯುತ್ತಿದ್ದವನು ಈ ಭೂಮಿಯ ಮೇಲೆ ಒಬ್ಬನೇ. ಅವನಿಗೆ ನೆಗಡಿಯಾದರೆ ಮೋಡಗಳು ರಜೆ ಹಾಕುತ್ತಿದ್ದವು. ಪ್ರಯೋಗಾಲಯದವರೆಲ್ಲ ಅವನನ್ನು ಸಿಡಿಲಣ್ಣ ಎಂದೇ ಕರೆಯುತ್ತಿದ್ದರು. ಆ ಹೆಸರಿಟ್ಟವನೂ ತಾನೇ ಎಂಬುದನ್ನು ಮಾತ್ರ ಅವನು ಯಾರಿಗೂ ಹೇಳಿರಲಿಲ್ಲ.

ಪೆಟ್ಟಿಗೆ ಎಂದರೆ ಶೀತಲ ಪ್ಲಾಸ್ಮಾದ ಯಂತ್ರ. ಗುಂಡಿ ಒತ್ತಿದರೆ ಒಳಗಿನ ಗಾಳಿ ನೇರಳೆಗೆ ತಿರುಗಿ ಗುಂಯ್‌ಗುಡುತ್ತಿತ್ತು. ಹತ್ತಿಯನ್ನೂ ಸುಡದಷ್ಟು ತಣ್ಣನೆಯ ಮಿಂಚು; ಆದರೆ ಬೂಷ್ಟು, ಬ್ಯಾಕ್ಟೀರಿಯಾ ಯಾವುದನ್ನೂ ಉಳಿಸುತ್ತಿರಲಿಲ್ಲ. ಪುಟ್ಟ ಪ್ಲಾಸ್ಟಿಕ್ ತಟ್ಟೆಯ ಮುಚ್ಚಳ ತೆಗೆದು ಒಳಗಿಡಬೇಕು, ಹೊರತೆಗೆದು ಮುಚ್ಚಿ, ಮತ್ತೆ ಬೆಳೆಯುತ್ತದೆಯೇ ಎಂದು ಕಾಯಬೇಕು. ಇಷ್ಟೇ ಕೆಲಸ. ಸಿಡಿಲಣ್ಣನ ಬಾಯಲ್ಲಿ ಮಾತ್ರ ಅದು ಮಹಾಯುದ್ಧ.

ಹೆಂಡತಿ ಇದ್ದಾಗ "ಅರ್ಧ ಕಳೀರಿ" ಎಂದು ಒಂದೇ ಮಾತಿನಲ್ಲಿ ಅವನನ್ನು ನೆಲಕ್ಕಿಳಿಸುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಕಳೆಯುವವರಿಲ್ಲ. ಮಾತು ಕೂಡುತ್ತಲೇ ಹೋಯಿತು. ಮನೆಯಲ್ಲಿ ಕೇಳುವ ಕಿವಿಯಿಲ್ಲದೆ ಉಳಿದದ್ದೆಲ್ಲ ಬೆಳಿಗ್ಗೆ ಪ್ರಯೋಗಾಲಯಕ್ಕೆ ಬರುತ್ತಿತ್ತು.

ಒಮ್ಮೆ ಮುಖ್ಯಸ್ಥರು ಎಲ್ಲರಿಗೂ ತಮ್ಮ ತಮ್ಮ ಮನೆಯ ಬೂಷ್ಟು ತರಲು ಹೇಳಿದರು. ಒಬ್ಬರು ಹಳೆಯ ಬೂಟು ತಂದರು, ಇನ್ನೊಬ್ಬರು ಕೊಳೆತ ನಿಂಬೆ. ಸಿಡಿಲಣ್ಣ ಅಡುಗೆಮನೆಯ ಮೂಲೆಯ ಡಬ್ಬಿಯಲ್ಲಿ ಹಸಿರುಗಟ್ಟಿದ್ದ ಬ್ರೆಡ್ಡಿನ ತುಂಡು ತಂದ. ಉಳಿದವರ ಬೂಷ್ಟೆಲ್ಲ ಸತ್ತಿತು. ಅವನದು ಮಾತ್ರ, ನಾಲ್ಕು ಸಲ ಅವನೇ ಪೆಟ್ಟಿಗೆಯಲ್ಲಿಟ್ಟು ತೆಗೆದರೂ, ಸೊಂಪಾಗಿ ಬೆಳೆಯಿತು.

"ನಮ್ಮನೆ ಬೂಷ್ಟು ಅಂದ್ರೆ ಏನಂದ್ಕೊಂಡ್ರಿ? ಸಿಡಿಲಿಗೇ ತಿರುಗಿ ಕೆನ್ನೆಗೆ ಬಾರಿಸುತ್ತೆ!" ಎಂದ ಸಿಡಿಲಣ್ಣ.

ಎಡವಟ್ಟಾದದ್ದು, ಮುಖ್ಯಸ್ಥರು ಅದನ್ನು ನಂಬಿಬಿಟ್ಟದ್ದು. ಪ್ಲಾಸ್ಮಾಕ್ಕೂ ಬಗ್ಗದ ಬೂಷ್ಟು ಎಂದು ಹೊರಗಿನ ತಜ್ಞರನ್ನೇ ಕರೆಸಿದರು. ಅವರೆದುರು ಆ ತಟ್ಟೆಗೆ ಪೂರ್ತಿ ಶಕ್ತಿ ಹಾಯಿಸಿ ತೋರಿಸುವ ಜವಾಬ್ದಾರಿ ಸೂಕ್ಷ್ಮಜೀವಿಗಳ ಡಾಕ್ಟರಮ್ಮನದು. ತಜ್ಞರು ಬರುವ ಹೊತ್ತಾಗಿತ್ತು. ಡಾಕ್ಟರಮ್ಮ ಕೈ ಚಾಚಿಯೇ ನಿಂತಿದ್ದರು. ಸಿಡಿಲಣ್ಣ ತಟ್ಟೆಯನ್ನು ಎದೆಗವಚಿಕೊಂಡಿದ್ದ.

"ಕೊಡಿ ಸಿಡಿಲಣ್ಣ. ಏನು, ಕಚ್ಚುತ್ತಾ?"

"ಕಚ್ಚದೆ ಬಿಡುತ್ತಾ ಮೇಡಂ? ನಿನ್ನೆ ಯಂತ್ರದ ಬಾಗಿಲನ್ನೇ ಕಡಿದು ನುಂಗೋದರಲ್ಲಿತ್ತು."

"ಅರ್ಧ ಕಳೆದ್ರೂ ಜಾಸ್ತಿ ಆಯ್ತು. ಕೊಡಿ ಇಲ್ಲಿ," ಎಂದು ಅವರು ನಕ್ಕರು.

ಅವನ ಕೈ ಸಡಿಲಾಯಿತು. ಡಾಕ್ಟರಮ್ಮ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕ ಮೇಲೇರಿಸಿ, ತುಂಬ ಹೊತ್ತು ನೋಡಿದರು.

"ಮುಚ್ಚಳದ ಒಳಗೆಲ್ಲ ನೀರಿನ ಹನಿ. ಯಂತ್ರದ ಗಾಳಿ ನಾಲ್ಕು ಸಲ ಹಾಯ್ದಿದ್ರೆ ಬ್ರೆಡ್ಡು ಒಣಗಿ ಕೊರಡಾಗ್ತಿತ್ತು. ನೀವು ಏನೋ ಮುಚ್ಚಿಡ್ತಿದ್ದೀರಿ."

ಸಿಡಿಲಣ್ಣ ಬಾಯಿ ತೆರೆದ. ಒಳಗೆ ಲಕ್ಷ ಸುಳ್ಳುಗಳು ಸಾಲುಗಟ್ಟಿ ನಿಂತಿದ್ದವು. ಒಂದೂ ಮುಂದೆ ಬರಲಿಲ್ಲ.

"ಮುಚ್ಚಳ ತೆಗೀಲೇ ಇಲ್ಲ ಮೇಡಂ. ಒಂದ್ಸಲಾನೂ ತೆಗೀಲಿಲ್ಲ."

"ಯಾಕೆ?"

ಅವನು ಪ್ಲಾಸ್ಟಿಕ್ಕಿನ ಮೇಲಿಂದಲೇ ಉಗುರಿನಲ್ಲಿ ತೋರಿಸಿದ. ಹಸಿರು ನವಿರಿನ ಕೆಳಗೆ ಬ್ರೆಡ್ಡಿನ ಒಂದು ಅಂಚು ಕಮಾನಿನ ಹಾಗೆ ಒಳಕ್ಕೆ ಬಾಗಿತ್ತು. ಸಣ್ಣ ಸಣ್ಣ ಹಲ್ಲಿನ ಗುರುತು.

"ಅವಳು ಕಚ್ಚಿದ್ದು. ಆಸ್ಪತ್ರೆಗೆ ಹೊರಡೋ ಮುಂಚೆ ಒಂದೇ ತುತ್ತು ತಿಂದ್ಲು. 'ಬಂದು ತಿಂತೀನಿ, ಮುಚ್ಚಿಡಿ' ಅಂದ್ಲು. ಡಬ್ಬಿಗೆ ಹಾಕಿ ಮುಚ್ಚಿಟ್ಟೆ, ಆಮೇಲೆ ಮರೆತೇಹೋಯ್ತು. ತರೋವಾಗಲೂ ನೋಡ್ಲಿಲ್ಲ. ಪೆಟ್ಟಿಗೆಯೊಳಗೆ ಇಡೋವಾಗ ಕಣ್ಣಿಗೆ ಬಿತ್ತು." ಅವನು ಉಗುರನ್ನು ಹಿಂದಕ್ಕೆಳೆದುಕೊಂಡ. "ಬೂಷ್ಟಿಗೇನೂ ಶಕ್ತಿ ಇಲ್ಲ ಮೇಡಂ. ಒಂದ್ನಿಮಿಷದಲ್ಲಿ ಸಾಯುತ್ತೆ."

ಹೊರಗೆ ಮೆಟ್ಟಿಲ ಮೇಲೆ ಬೂಟುಗಳ ಸದ್ದು, ಮುಖ್ಯಸ್ಥರ ನಗು.

"ಅವರಿಗೆ ಹೇಳ್ಬೇಕಾಗುತ್ತೆ," ಎಂದರು ಡಾಕ್ಟರಮ್ಮ ಮೆಲ್ಲಗೆ.

"ನಾನೇ ಹೇಳ್ತೀನಿ. ಏನೂ ಕೂಡಿಸಲ್ಲ."

ಡಾಕ್ಟರಮ್ಮ ತಟ್ಟೆಯನ್ನು ಅವನ ಅಂಗೈಯಲ್ಲಿ ಇಟ್ಟು, ಯಂತ್ರದ ಕಡೆ ತಿರುಗಿಕೊಂಡರು. ಸಿಡಿಲಣ್ಣ ಬಾಗಿಲತ್ತ ನೋಡುತ್ತ ನಿಂತ. ಅಂಗೈಯ ಬಿಸಿಗೆ ಮುಚ್ಚಳದ ಒಳಗೆ ಮತ್ತೆ ಮಂಜು ಕಟ್ಟತೊಡಗಿತು, ಯಾರೋ ಒಳಗಿನಿಂದ ಉಸಿರು ಬಿಟ್ಟ ಹಾಗೆ.